ಡಿಪ್ರೆಶನ್‌ಗೆ ಅರಿಶಿನ, ಅಗಸಿ: ಮಾಡಿ ನೋಡಿದವರು ಹೇಳಿ

ಗದಗದಿಂದ ಕೇಳುತ್ತಿದ್ದೇನೆ. ನನ್ನ ಅಕ್ಕನಿಗೆ ನಾಲ್ಕು ತಿಂಗಳಿಂದ ಡಿಪ್ರೆಶನ್. ಗುಳಿಗೆ ನಡೆದಿದೆ. ಅರಿಶಿನ, ಅಗಸಿ ತಿಂದರೆ ಮನಸ್ಸು ಹಗುರಾಗುತ್ತದೆ ಅಂತಾರೆ. ಗುಳಿಗೆ ಬಿಟ್ಟು ಊಟದಲ್ಲೇ ನೋಡಬಹುದಾ?

ಧಾರವಾಡದಿಂದ: ಗುಳಿಗೆ ಮಾತ್ರ ಬಿಡಿಸಬೇಡಿ ತಂಗಿ. ನಮ್ಮ ಅವ್ವನಿಗೆ ಪರಿಚಯದವರೊಬ್ಬರು ಅರಿಶಿನದ ಕ್ಯಾಪ್ಸೂಲ್ ಸಾಕು ಅಂದರು. ನಾವೂ ನಂಬಿದೆವು. ಗುಳಿಗೆ ಬಿಟ್ಟ ಮೂರೇ ವಾರಕ್ಕೆ ಅವ್ವ ಮತ್ತೆ ಹಾಸಿಗೆ ಹಿಡಿದರು. ಡಾಕ್ಟರು ಮತ್ತೆ ಶುರು ಮಾಡಿದ ಮೇಲೆ ನಿಧಾನಕ್ಕೆ ಎದ್ದರು.

ಅರಿಶಿನದಲ್ಲಿ ಏನೂ ಇಲ್ಲ ಅಂತಲ್ಲ. ಅದರಲ್ಲಿರುವ ಕರ್ಕ್ಯುಮಿನ್ ಉರಿಯೂತ ತಗ್ಗಿಸುತ್ತದೆ ಅಂತಾರೆ, ಡಿಪ್ರೆಶನ್ ಇರುವ ಕೆಲವರ ಮೈಯಲ್ಲಿ ಉರಿಯೂತ ಜಾಸ್ತಿ ಇರುತ್ತದೆ. ಆದರೆ ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಕಷ್ಟ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಕರಿಮೆಣಸಿನ ಪೈಪರಿನ್ ಸೇರಿಸಿ ಕೊಟ್ಟಾಗ ಸುಮಾರು 20 ಪಟ್ಟು ಜಾಸ್ತಿ ಸೇರಿತು. ಅಲ್ಲಿ ಕೊಟ್ಟಿದ್ದು 2 ಗ್ರಾಂ ಕರ್ಕ್ಯುಮಿನ್. ಸಾರಿಗೆ ಹಾಕುವ ಚಿಟಿಕೆ ಅರಿಶಿನದಲ್ಲಿ ಅಷ್ಟೆಲ್ಲಿ ಬರಬೇಕು?

ನನಗೆ ನಂಬಿಕೆ ಇರುವುದು ಇಡೀ ಊಟದ ಮೇಲೆ. ಆಸ್ಟ್ರೇಲಿಯಾದಲ್ಲಿ ಡಿಪ್ರೆಶನ್ ಇದ್ದ 67 ಜನರನ್ನು 12 ವಾರ ನೋಡಿದ್ದರು, 2017ರಲ್ಲಿ ಅದು ಪ್ರಕಟವಾಯಿತು. ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯ, ಮೀನು ಹೆಚ್ಚಿಸಿದವರಲ್ಲಿ ಸುಮಾರು 32% ಜನ ಚೇತರಿಸಿಕೊಂಡರು. ಜೊತೆಗೆ ಕೂತು ಮಾತಾಡುವವರು ಮಾತ್ರ ಸಿಕ್ಕವರಲ್ಲಿ 8%. ಇದರಲ್ಲಿ ಬಹಳಷ್ಟು ಜನ ಔಷಧಿಯನ್ನೋ ಕೌನ್ಸೆಲಿಂಗನ್ನೋ ಬಿಟ್ಟಿರಲಿಲ್ಲ, ಇದನ್ನು ಅಕ್ಕನಿಗೆ ಹೇಳಿ. ಜೋಳದ ರೊಟ್ಟಿ, ಮಡಕಿಕಾಳು, ಹಸಿ ಮೆಂತ್ಯಸೊಪ್ಪು ನಮ್ಮಲ್ಲೇ ಇದೆ ಅಲ್ವಾ.

ಹಾವೇರಿಯಿಂದ: ನನಗೇ ಡಿಪ್ರೆಶನ್ ಇತ್ತು. ಏನು ತಿನ್ನಬೇಕು ಅಂತ ಗೊತ್ತಿತ್ತು, ಒಲೆ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ನಮ್ಮ ನಾದಿನಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಡಬ್ಬಿಯಲ್ಲಿ ಇಟ್ಟು ಹೋಗುತ್ತಿದ್ದಳು. ಕಟಕ್ ರೊಟ್ಟಿ ಅಂಗಡಿಯಿಂದ ತಂದು, ಹಿಂಡಿಗೆ ಮೊಸರು ಕಲಸಿ ತಿನ್ನುತ್ತಿದ್ದೆ. ಎಷ್ಟೋ ದಿನ ಅಷ್ಟೇ ಊಟ. ಅಕ್ಕನಿಗೆ ಹೀಗೆ ತಿನ್ನು ಅಂತ ಹೇಳುವುದಕ್ಕಿಂತ ಮಾಡಿ ಕೊಡಿ.

ಹುಬ್ಬಳ್ಳಿಯಿಂದ: ರಕ್ತ ತೆಳುವಾಗುವ ಗುಳಿಗೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಅರಿಶಿನದ ಕ್ಯಾಪ್ಸೂಲ್ ಮುಟ್ಟಬಾರದು. ಅಕ್ಕ ಸಾಯುವ ಮಾತಾಡಿದರೆ ಒಬ್ಬಳನ್ನೇ ಬಿಡಬೇಡಿ. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ದುಡ್ಡಿಲ್ಲ.

ಗದಗದಿಂದ: ಗುಳಿಗೆ ಬಿಡಿಸುವುದಿಲ್ಲ. ನಾಳೆ ಅಗಸಿ ಹುರಿಯುತ್ತೇನೆ. ಅಕ್ಕನಿಗೆ ಬೆಳ್ಳುಳ್ಳಿ ಜಾಸ್ತಿ ಬೇಕು.