ಗಡ್ಡದ ಕೂದಲು ಕಸಿ ಮಾಡಿಸಿಕೊಂಡವರಿಂದ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ಊರು ಉಡುಪಿ, ವಯಸ್ಸು 31. ಮೀಸೆ ದಟ್ಟವಾಗಿದೆ, ಗದ್ದವೂ ತುಂಬಿದೆ. ಎಡಗೆನ್ನೆಯಲ್ಲಿ ಮಾತ್ರ ಎರಡು ಬೆರಳಗಲ ಜಾಗ ಬೋಳು. ಚಿಕ್ಕವನಿದ್ದಾಗ ಕುದಿಯುವ ಗಂಜಿ ಬಿದ್ದು ಆದ ಕಲೆ ಅದು. ಮದುವೆಗೆ ಹೊರಡುವಾಗ ಅಲ್ಲಿಗೆ ಕಾಡಿಗೆ ತೀಡಿಕೊಳ್ಳುತ್ತೇನೆ. ನಮ್ಮ ಕರಾವಳಿಯ ಸೆಕೆಗೆ ಊಟದ ಪಂಕ್ತಿ ಏಳುವಷ್ಟರಲ್ಲಿ ಕರವಸ್ತ್ರವೆಲ್ಲ ಕಪ್ಪು. ಸಾಕಾಗಿ ಹೋಗಿದೆ.

ಮಂಗಳೂರಿನ ಚರ್ಮರೋಗ ತಜ್ಞರೊಬ್ಬರು ವಿವರಿಸಿದರು: ತಲೆಯ ಹಿಂಭಾಗದ ಕೂದಲನ್ನು ಬುಡಸಮೇತ ತೆಗೆದು, ಕೆನ್ನೆಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಗದ್ದೆಯಲ್ಲಿ ಭತ್ತದ ನೇಜಿ (ಸಸಿ) ನೆಟ್ಟಂತೆ ಒಂದೊಂದಾಗಿ ಕೂರಿಸುತ್ತಾರೆ. ಆದರೆ ನೇಜಿಯಂತೆ ನೆಟ್ಟಗಲ್ಲ, ಚರ್ಮಕ್ಕೆ ಒರಗಿದ ಹಾಗೆ ಓರೆಯಾಗಿ. ಇಲ್ಲದಿದ್ದರೆ ಅಸಹಜವಾಗಿ ಕಾಣುತ್ತದೆ. ನೆಟ್ಟದ್ದು ಕೆಲವೇ ವಾರಗಳಲ್ಲಿ ಉದುರಿ, ಮೂರು ನಾಲ್ಕು ತಿಂಗಳ ನಂತರ ಮತ್ತೆ ಚಿಗುರುತ್ತದೆ. ಪೂರ್ಣ ಫಲಕ್ಕೆ ಸುಮಾರು ಒಂದು ವರ್ಷ. ಸುಟ್ಟ ಕಲೆಯಲ್ಲಿ ರಕ್ತಸಂಚಾರ ಕಡಿಮೆ, ಎಲ್ಲವೂ ಬೇರು ಹಿಡಿಯದೆ ಎರಡನೇ ಬಾರಿ ನೆಡಬೇಕಾಗಬಹುದು ಎಂದರು. ಈ ಮಾತೇ ನನ್ನನ್ನು ಕಾಡುತ್ತಿದೆ.

ಕಲೆಯ ಮೇಲೆ ಕಸಿ ಮಾಡಿಸಿಕೊಂಡವರು ಇಲ್ಲಿದ್ದೀರಾ? ನೆಟ್ಟದ್ದರಲ್ಲಿ ಎಷ್ಟು ಉಳಿಯಿತು? ನಾನು ದಿನವೂ ಬೈಕಿನಲ್ಲಿ ಮಣಿಪಾಲಕ್ಕೆ ಹೋಗುವವನು. ಹೆಲ್ಮೆಟ್ಟಿನ ಪಟ್ಟಿ ಸರಿಯಾಗಿ ಅಲ್ಲಿಗೇ ಉಜ್ಜುತ್ತದೆ. ನೀವು ಎಷ್ಟು ದಿನ ಬಸ್ಸಿನಲ್ಲಿ ಓಡಾಡಿದಿರಿ? ಬೆವರಿಗೆ ಕೀವುಗುಳ್ಳೆ ಎದ್ದಿತೇ? ಕೂದಲು ಕೂರಿಸಿದ್ದು ವೈದ್ಯರೇ ಅಥವಾ ಸಹಾಯಕರೇ? ಖರ್ಚಿನ ಮಾತು ಆಮೇಲೆ. ತಿಂಗಳ ಕೊನೆಯೊಳಗೆ ವೈದ್ಯರಿಗೆ ಉತ್ತರ ಹೇಳಬೇಕಾಗಿದೆ, ನಿಮ್ಮ ಅನುಭವವನ್ನು ಇದ್ದಂತೆಯೇ ಬರೆಯಿರಿ.