ಸಣ್ಣ ಪತ್ರಿಕೆ ಮುಚ್ಚಿದರೆ ತಪ್ಪು ಓದುಗರದ್ದಾ?

ಹಳೇಓದುಗ:
ಒಂದು ಊರಿಗೋ ಒಂದು ಸಮುದಾಯಕ್ಕೋ ಅಂತ ನಡೆಯುವ ಸಣ್ಣ ಪತ್ರಿಕೆ ಮುಚ್ಚಿದಾಗೆಲ್ಲ ಕೇಳುವ ಮಾತು ಒಂದೇ. ಜನ ಓದುವುದು ಬಿಟ್ಟರು, ಮೊಬೈಲ್ ಬಂತು. ನನಗೆ ಇದು ಒಪ್ಪಿಗೆಯಿಲ್ಲ. ಓದುಗರ ದುಡ್ಡಿನಿಂದಲೇ ನಡೆದ ಪತ್ರಿಕೆ ಕಡಿಮೆ. ಸಂಬಳ ಕೊಟ್ಟಿದ್ದು ಪುಟ್ಟ ಪುಟ್ಟ ಜಾಹೀರಾತು: ಬಾಡಿಗೆಗೆ ಮನೆ, ಕೆಲಸ ಖಾಲಿ ಇದೆ, ಹಳೇ ಗಾಡಿ ಮಾರಾಟಕ್ಕಿದೆ, ಶ್ರದ್ಧಾಂಜಲಿ. ಮೊದಲು ಅವು ಹೋದವು. ಆಮೇಲೆ ಪುಟ ಕಡಿಮೆಯಾಯಿತು. ಓದುಗರು ಹೋಗಿದ್ದು ಕೊನೆಗೆ.

ಲೆಕ್ಕದಪುಸ್ತಕ:
ಅಮೆರಿಕದಲ್ಲಿ ಇದನ್ನು ಲೆಕ್ಕ ಹಾಕಿಯೇ ನೋಡಿದ್ದಾರೆ. ಇಂಟರ್ನೆಟ್ಟಿನಲ್ಲಿ ಇಂಥ ಪುಟ್ಟ ಜಾಹೀರಾತು ಹಾಕುವ ಕ್ರೇಗ್ಸ್‌ಲಿಸ್ಟ್ 1995ರಲ್ಲಿ ಶುರುವಾಯಿತು. ಬಹುತೇಕ ಜಾಹೀರಾತು ಪುಕ್ಕಟೆ. ಸೀಮನ್ಸ್ ಮತ್ತು ಝು ಎಂಬ ಸಂಶೋಧಕರ ಅಂದಾಜಿನಲ್ಲಿ 2000ದಿಂದ 2007ರ ಒಳಗೆ ಜಾಹೀರಾತು ಕೊಡುವವರಿಗೆ ಉಳಿತಾಯವಾದದ್ದು ಸುಮಾರು 500 ಕೋಟಿ ಡಾಲರ್. ಅಷ್ಟು ದುಡ್ಡು ಪತ್ರಿಕೆಗಳ ಗಲ್ಲಾಪೆಟ್ಟಿಗೆಗೆ ಬರಲಿಲ್ಲ ಅಂತ. ಇಂಥ ಜಾಹೀರಾತನ್ನೇ ಜಾಸ್ತಿ ನಂಬಿದ್ದ ಪತ್ರಿಕೆಗಳು ಚಂದಾ ಏರಿಸಿದವು, ಪ್ರಸಾರ ಇಳಿಯಿತು. ಹಳೇಓದುಗರು ಹೇಳಿದ ಕ್ರಮವೇ.

ಅಚ್ಚುಮೊಳೆ:
ಪ್ರೆಸ್ಸಿನಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು ಸೇರಿಸುತ್ತೇನೆ. ಸಣ್ಣ ಪತ್ರಿಕೆಗೆ ಬೆಳೆಯುವ ಕಾಲವೂ ಅಪಾಯದ್ದೇ. ಎಷ್ಟೋ ಪತ್ರಿಕೆಗಳ ಮುಖಬೆಲೆ ಕಾಗದ, ಮುದ್ರಣ, ಏಜೆಂಟರ ಕಮಿಷನ್ ಸೇರಿದ ಖರ್ಚಿಗಿಂತ ಕಡಿಮೆ. ಅಂದರೆ ಜಾಸ್ತಿ ಪ್ರತಿ ಮಾರಿದಷ್ಟೂ ಜಾಸ್ತಿ ನಷ್ಟ. ಆ ಕೊರತೆಯನ್ನು ಜಾಹೀರಾತು ತುಂಬಬೇಕು. ಪ್ರಸಾರ ಇವತ್ತು ಎರಡರಷ್ಟಾದರೆ ಜಾಹೀರಾತಿನ ದರ ನಾಳೆಯೇ ಎರಡರಷ್ಟಾಗುತ್ತದಾ? ಇಲ್ಲ. ಅಂಗಡಿಯವರು ಹಳೇ ದರಕ್ಕೇ ಕೇಳುತ್ತಾರೆ. ಏಜೆಂಟರ ಬಾಕಿ ತಿಂಗಳುಗಟ್ಟಲೆ ಬರುವುದಿಲ್ಲ. ಕಾಗದದವರು ಮಾತ್ರ ಮುಂಗಡ ಕೇಳುತ್ತಾರೆ. ಮಾರಾಟವಾಗದ ಪ್ರತಿ ವಾಪಸ್ ಬಂದು ರದ್ದಿಗೆ ಹೋಗುತ್ತದೆ. ಹೊರಗಿನಿಂದ ನೋಡಿದವರು ‘ಪತ್ರಿಕೆ ಎಷ್ಟು ಚೆನ್ನಾಗಿ ಓಡುತ್ತಿದೆ’ ಅನ್ನುವ ವರ್ಷದಲ್ಲೇ ಒಳಗೆ ಸಾಲ ಬೆಳೆದಿರುತ್ತದೆ.

ಕಟ್ಟೆಪುರಾಣ:
ಸುಮ್ನೆ ಇಷ್ಟು ಗೋಳಾಡುವಂಥದ್ದು ಏನಿತ್ತು ಅದರಲ್ಲಿ? ಅರ್ಧ ಪತ್ರಿಕೆ ಗಣ್ಯರಿಗೆ ಹುಟ್ಟುಹಬ್ಬದ ಶುಭಾಶಯ, ಉಳಿದರ್ಧ ಯಾರೋ ಕಳಿಸಿದ ಪ್ರೆಸ್‌ನೋಟ್. ಜಾಹೀರಾತು ಕೊಟ್ಟವರ ಮೇಲೆ ಒಂದು ಸಾಲೂ ಇಲ್ಲ. ಕೊಡದವರ ಮೇಲೆ ‘ಸ್ಫೋಟಕ ಸುದ್ದಿ’. ಕರೆಂಟ್ ಯಾವಾಗ ಹೋಗುತ್ತದೆ, ಯಾರು ತೀರಿಕೊಂಡರು ಅನ್ನುವುದು ಈಗ ವಾಟ್ಸಾಪ್ ಗುಂಪಿನಲ್ಲಿ ಬೇಗ ಗೊತ್ತಾಗುತ್ತದೆ.

ಮೂಲೆಮನೆ:
ಅಂಥ ಪತ್ರಿಕೆಗಳು ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ವಾಟ್ಸಾಪ್ ಗುಂಪಿನಲ್ಲಿ ಪುರಸಭೆಯ ಸಭೆಗೆ ಹೋಗಿ ಮೂರು ಗಂಟೆ ಕೂತು ಬರುವವರು ಯಾರು, ಹೇಳಿ?

ಲೆಕ್ಕದಪುಸ್ತಕ:
ಕ್ಯಾಲಿಫೋರ್ನಿಯಾದ ಬೆಲ್ ನಗರ ನೋಡಿ. ಪುಟ್ಟ ಊರು, ನಿಗಾ ಇಡುವ ಸ್ವಂತ ಪತ್ರಿಕೆ ಇರಲಿಲ್ಲ. ಅಲ್ಲಿನ ಆಡಳಿತಾಧಿಕಾರಿ ರಾಬರ್ಟ್ ರಿಝೊ 1993ರಲ್ಲಿ ಸೇರಿದಾಗ ವರ್ಷದ ಸಂಬಳ 72,000 ಡಾಲರ್. 2010ರ ಹೊತ್ತಿಗೆ ಅದು 7.87 ಲಕ್ಷ ಡಾಲರ್ ದಾಟಿತ್ತು.

ಕಟ್ಟೆಪುರಾಣ:
ಅದನ್ನು ಹೊರಗೆ ತಂದದ್ದು ಲಾಸ್ ಏಂಜಲೀಸ್ ಟೈಮ್ಸ್ ಅಲ್ವಾ? ದೊಡ್ಡ ಪತ್ರಿಕೆ! ನಿಮ್ಮ ಉದಾಹರಣೆ ನನ್ನ ಕಡೆಗೇ ವಾಲುತ್ತಿದೆ.

ಮೂಲೆಮನೆ:
17 ವರ್ಷ ಆದಮೇಲೆ ತಂದಿತು ಮಾರಾಯ್ರೆ. ಅಲ್ಲಿಯವರೆಗೆ ಸಂಬಳ ಏರುತ್ತಲೇ ಇತ್ತು.

ಲೆಕ್ಕದಪುಸ್ತಕ:
ಇನ್ನೊಂದು ಇದೆ. ಅಮೆರಿಕದ ಸಿನ್ಸಿನಾಟಿ ಪೋಸ್ಟ್ ಪತ್ರಿಕೆ 2007ರ ಡಿಸೆಂಬರ್ 31ರಂದು ನಿಂತಿತು. ಆಮೇಲೆ ಅದು ಹೆಚ್ಚು ವರದಿ ಮಾಡುತ್ತಿದ್ದ ಪಕ್ಕದ ಕೆಂಟಕಿ ರಾಜ್ಯದ ಊರುಗಳಲ್ಲಿ ಚುನಾವಣೆಗೆ ನಿಲ್ಲುವವರು ಕಡಿಮೆಯಾದರು, ಮತದಾನ ಇಳಿಯಿತು, ಕುರ್ಚಿಯಲ್ಲಿ ಇದ್ದವರೇ ಗೆಲ್ಲುವುದು ಹೆಚ್ಚಾಯಿತು ಅಂತ ಒಂದು ಅಧ್ಯಯನ ಹೇಳುತ್ತದೆ. ನೋಡಿದ ಊರುಗಳು ಕೆಲವೇ ಆದ್ದರಿಂದ ಗಟ್ಟಿ ತೀರ್ಮಾನ ಬೇಡ ಅಂತ ಬರೆದವರೇ ಎಚ್ಚರಿಸಿದ್ದಾರೆ.

ಮೂಲೆಮನೆ:
ಎಲ್ಲರೂ ಜಾಹೀರಾತಿನ ಸುತ್ತಲೇ ತಿರುಗುತ್ತಿದ್ದೀರಿ. ಜಾಹೀರಾತು ಹತ್ತಿರವೇ ಸುಳಿಯದ ಸಮುದಾಯದ ಪತ್ರಿಕೆಗಳ ಕಥೆ ಏನು? ಅಂಬೇಡ್ಕರ್ 1920ರ ಜನವರಿ 31ರಂದು ‘ಮೂಕನಾಯಕ’ ಶುರು ಮಾಡಿದರು. ಮರಾಠಿ ಪಾಕ್ಷಿಕ. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ನೆರವು ಕೊಟ್ಟಿದ್ದರು. ಪತ್ರಿಕೆ ಬರುತ್ತಿದೆ ಅನ್ನುವ ಪ್ರಕಟಣೆಯನ್ನು ದುಡ್ಡು ಕೊಡುತ್ತೇವೆ ಅಂದರೂ ತಿಲಕರ ‘ಕೇಸರಿ’ ಪತ್ರಿಕೆ ಹಾಕಲಿಲ್ಲ. ಜಾಹೀರಾತು ಸಿಗುವುದಿರಲಿ, ಇವರ ಜಾಹೀರಾತನ್ನೇ ಇನ್ನೊಬ್ಬರು ಮುಟ್ಟಲಿಲ್ಲ! ಅದೇ ವರ್ಷ ಅಂಬೇಡ್ಕರ್ ಓದಲು ಲಂಡನ್ನಿಗೆ ಹೋದರು. 1923ರಲ್ಲಿ ಪತ್ರಿಕೆ ನಿಂತಿತು. ಇದನ್ನು ಯಾವ ಮೊಬೈಲಿನ ತಲೆಗೆ ಕಟ್ಟುತ್ತೀರಿ?

ಅಚ್ಚುಮೊಳೆ:
ಅಲ್ಲೇ ಇನ್ನೊಂದು ಕಾರಣವೂ ಇದೆ ನೋಡಿ. ಸಣ್ಣ ಪತ್ರಿಕೆ ಹೆಚ್ಚಾಗಿ ಒಬ್ಬರ ಬೆನ್ನ ಮೇಲೆ ನಿಂತಿರುತ್ತದೆ. ಸಂಪಾದಕರೂ ಅವರೇ, ಕರಡು ತಿದ್ದುವವರೂ ಅವರೇ, ಬಾಕಿ ವಸೂಲಿಗೆ ಅಲೆಯುವವರೂ ಅವರೇ. ಅವರು ದೂರ ಹೋದರೆ, ಕಾಯಿಲೆ ಬಿದ್ದರೆ, ಅಥವಾ ಮಕ್ಕಳು ‘ನಮಗೆ ಈ ಉಸಾಬರಿ ಬೇಡ’ ಅಂದರೆ ಪತ್ರಿಕೆ ಮುಗಿಯಿತು.

ಹಳೇಓದುಗ:
ಹಾಗಿದ್ದರೂ ಬಂಡವಾಳ ಇದ್ದಿದ್ದರೆ ಇನ್ನೊಬ್ಬರನ್ನು ಇಟ್ಟುಕೊಳ್ಳಬಹುದಿತ್ತಲ್ಲ ಸರ್. ಸುತ್ತಿ ಬಳಸಿ ದುಡ್ಡಿಗೇ ಬಂತು.

ಮೂಲೆಮನೆ:
ದುಡ್ಡು ಬೇಕು, ಸರಿ. ಆದರೆ ಅದು ಜಾಹೀರಾತಿನಿಂದಲೇ ಬರಬೇಕು ಅಂತ ಎಲ್ಲಿದೆ? ‘ಖಬರ್ ಲಹರಿಯಾ’ 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಶುರುವಾಯಿತು. ಅಲ್ಲಿನ ಆಡುಭಾಷೆ ಬುಂದೇಲಿಯಲ್ಲಿ. ಬರೆಯುವವರು, ಹಂಚುವವರು ಎಲ್ಲ ಹಳ್ಳಿಯ ಹೆಂಗಸರು, ಹೆಚ್ಚಿನವರು ದಲಿತರು. ನಿರಂತರ್ ಅನ್ನುವ ಸಂಸ್ಥೆ ಬೆನ್ನಿಗಿತ್ತು. ಕಾಗದದ ಪತ್ರಿಕೆ ನಿಂತಿತು, ಆದರೆ ಅದೇ ಹೆಂಗಸರು ಮೊಬೈಲ್ ಹಿಡಿದು ವಿಡಿಯೊ ವರದಿಗೆ ಇಳಿದರು. ಓದುಗರಿಂದ ಚಂದಾವನ್ನೂ ಕೇಳುತ್ತಾರೆ. ಹಾಗಾದರೆ ಆ ಪತ್ರಿಕೆ ಬಿದ್ದಿತು ಅಂತೀರಾ, ಇಲ್ಲ ಅಂತೀರಾ?

ಕಟ್ಟೆಪುರಾಣ:
ನೆರವು ನಿಂತ ದಿನ ನೋಡೋಣ.

ಅಚ್ಚುಮೊಳೆ:
ಜಾಹೀರಾತು ನಿಂತ ದಿನವೂ ಅಷ್ಟೇ. ನೆರವು ಕೊಡುವವರು ವರ್ಷಕ್ಕೊಮ್ಮೆ ಲೆಕ್ಕ ಕೇಳುತ್ತಾರೆ. ಜಾಹೀರಾತು ಕೊಡುವವರು ಸುದ್ದಿ ಅಚ್ಚಿಗೆ ಹೋಗುವ ಮೊದಲೇ ಫೋನ್ ಮಾಡುತ್ತಾರೆ. ನನಗಂತೂ ಮೊದಲನೆಯವರೇ ವಾಸಿ.