ಬೆಣ್ಣಿ, ಸಕ್ಕರಿ ಕಡಿಮಿ ಹಾಕಿ ಹಣ್ಣಿನ ಕ್ರಂಬಲ್ ಮಾಡೋದು ಹೆಂಗ್ರಿ? ಸೇಬು ಬಿಟ್ಟು ನಮ್ಮ ಕಡಿ ಹಣ್ಣು ನಡೀತಾವೇನು?

ರಾಯಚೂರ್_ಬಿಸಿಲು

ನಮಸ್ಕಾರ್ರಿ ಎಲ್ಲಾರಿಗೂ. ಮನಿಗೆ ಹೊಸಾ ಓಟಿಜಿ (ಕರೆಂಟಿನ ಸಣ್ಣ ಓವನ್) ಬಂದದ, ಕೇಕ್ ಮಾಡು ಅಂತ ಹುಡುಗ್ರದು ಒಂದ ಹಠ, ಆದ್ರ ಮಾವನೋರಿಗೆ ಶುಗರ್ ಅದ, ಅತ್ತಿಯೋರು ಕೊಲೆಸ್ಟ್ರಾಲ್ ಗುಳಿಗಿ ತೊಗೋತಾರ, ಎಲ್ಲಾರೂ ಕೂಡಿ ಕುಂತು ತಿನ್ನೋ ಅಂಥಾದ್ದು ಏನರ ಮಾಡ್ಬೇಕಂತ ನಂದು. ಹಿಂಗಾಗಿ ಆಪಲ್ ಕ್ರಂಬಲ್ ನೋಡ್ಲಿಕತ್ತೀನಿ, ಅದೇ ಇಂಗ್ಲೆಂಡಿನೋರ್ದು, ಕೆಳಗ ಹಣ್ಣು, ಮ್ಯಾಲ ಹಿಟ್ಟು ಬೆಣ್ಣಿ ಸಕ್ಕರಿ ಕೈಲೆ ತಿಕ್ಕಿ ಉದುರಿಸಿ ಓವನ್ನಾಗ ಇಡೋದು. ಮೊಟ್ಟಿ ಇಲ್ಲ, ಅದೊಂದು ನಮ್ಮನಿಗೆ ಅನುಕೂಲ.

ಆದ್ರ ಅಳತಿ ನೋಡಿ ಗಾಬರಿ ಆತು. ಸೇಬು 600 ಗ್ರಾಂ, ಅದಕ್ಕ ಸಕ್ಕರಿ 75, ಮ್ಯಾಲಿನ ಪದರಕ್ಕ ಮೈದಾ 150, ಬೆಣ್ಣಿ 100, ಮತ್ತ ಸಕ್ಕರಿ 100. ಆರು ಮಂದಿಗಂತ ಇದು. ಇದ್ರಾಗ ಎಲ್ಲಿ ಕಡಿಮಿ ಮಾಡಿದ್ರ ರುಚಿ ಕೆಡಂಗಿಲ್ಲ? ಬೆಣ್ಣಿ ಬದ್ಲಿ ಎಣ್ಣಿ, ಸಕ್ಕರಿ ಬದ್ಲಿ ಬೆಲ್ಲ ಹಾಕಿದ್ರ ಹಗುರ ಆಗ್ತದಂತ ನಮ್ಮ ಓಣ್ಯಾಗ ಒಬ್ರು ಹೇಳಿದ್ರು, ಖರೇನಾ? ಮೈದಾ ಬಿಟ್ಟು ಜ್ವಾಳದ ಹಿಟ್ಟು ನಡೀತದೇನು, ಮನಿಯಾಗ ಅದು ಯಾವಾಗ್ಲೂ ಇರ್ತದ. ಸೇಬು ತುಟ್ಟಿ, ಪ್ಯಾರಲ ಹಣ್ಣು ಹಾಕಿದ್ರ? ಇನ್ನೊಂದು, ಈ ಸೆಕಿಗೆ ಬೆಣ್ಣಿ ಕೈಯಾಗ ಹಿಡಿಯೋದ್ರಾಗ ನೀರಾಗ್ತದ, ತಣ್ಣಗ ಇರ್ಬೇಕು ಅಂತ ಎಲ್ಲಾ ರೆಸಿಪಿಯಾಗೂ ಬರ್ದಾರ, ರಾಯಚೂರಾಗ ಅದು ಹೆಂಗ ಸಾಧ್ಯರೀ?

ತುಂಗಭದ್ರಾ_ದಂಡಿ

ಪ್ಯಾರಲ ಹಣ್ಣು ಕೊಯ್ದು ಉಪ್ಪು ಖಾರ ಹಚ್ಚಿ ತಿನ್ರಿ, ಅದಕ್ಕಿಂತ ಹಗುರ ಯಾವ್ದೂ ಇಲ್ಲ, ಕರೆಂಟೂ ಉಳೀತದ 😄

ಕೊಪ್ಪಳ_ಅಡಗಿಮನಿ

ಮ್ಯಾಲಿನೋರು ಹೇಳಿದ್ದು ಸುಳ್ಳಲ್ಲ ಬಿಡ್ರಿ, ಆದ್ರ ಹುಡುಗ್ರು ಕೇಳ್ಬೇಕಲ್ಲ. ನಾನು ಮನ್ಯಾಗ ಕುಂತು ಆರ್ಡರ್ ತಗೊಂಡು ಬೇಕಿಂಗ್ ಮಾಡ್ತೀನಿ, ಹಿಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊದಲ ಲೆಕ್ಕ ನೋಡ್ರಿ ಅಕ್ಕಾರ. ನೀವು ಬರ್ದ ಅಳತಿಯಾಗ 100 ಗ್ರಾಂ ಬೆಣ್ಣಿ ಅಂದ್ರ ಸುಮಾರು 720 ಕ್ಯಾಲೊರಿ, ಎರಡೂ ಕಡಿ ಸಕ್ಕರಿ ಕೂಡಿಸಿ 175 ಗ್ರಾಂ ಅಂದ್ರ 700, ಮೈದಾ 500ರ ಮ್ಯಾಲ. ಸೇಬು 600 ಗ್ರಾಂ ಇದ್ರೂ ಅದ್ರದು ಬರೀ 300 ಚಿಲ್ಲರೆ. ಅಂದ್ರ ಭಾರ ಇರೋದು ಮ್ಯಾಲಿನ ಪದರದಾಗ, ಹಣ್ಣಿನಾಗ ಅಲ್ಲ. ಬೆಣ್ಣಿ ಬದ್ಲಿ ಇದು, ಸಕ್ಕರಿ ಬದ್ಲಿ ಅದು ಅಂತ ಹುಡುಕೋಕಿಂತ ಮ್ಯಾಲಿನ ಪದರಾನ ಅರ್ಧಕ್ಕ ಇಳಸ್ರಿ, ಹಣ್ಣು ಜಾಸ್ತಿ ಮಾಡ್ರಿ. ಪದರ ಅಂತ ಪೂರ್ತಿ ಮುಚ್ಚೋದೇನೂ ಬ್ಯಾಡ, ಅಲ್ಲಲ್ಲೆ ಹಣ್ಣು ಕಾಣೂ ಹಂಗ ಉದುರಿಸಿದ್ರ ಉಗಿ ಹೊರಗ ಹೋಗಿ ಇನ್ನೂ ಗರಿಗರಿ ಆಕ್ಕೈತಿ.

ನಾ ಮಾಡೋ ಅಳತಿ: ಜೋಳದ ಹಿಟ್ಟು 50 ಗ್ರಾಂ, ಓಟ್ಸ್ 40, ಹುರಿದು ಸಿಪ್ಪಿ ತಗದು ದಪ್ಪಗ ಕುಟ್ಟಿದ ಶೇಂಗಾ 20, ಬೆಣ್ಣಿ 40, ಸಕ್ಕರಿ 30, ಒಂದ್ ಚಿಟಿಕಿ ಉಪ್ಪು, ದಾಲ್ಚಿನ್ನಿ ಪುಡಿ. ಕೆಳಗ ಹಣ್ಣು 700 ಗ್ರಾಂ, ಅದಕ್ಕ ಸಕ್ಕರಿ ಬೇಕಾದ್ರ ಒಂದ್ ದೊಡ್ಡ ಚಮಚ, ಹಣ್ಣು ಸಿಹಿ ಇದ್ರ ಅದೂ ಬ್ಯಾಡ. ನಿಮ್ಮ ಅಳತಿ ಪ್ರಕಾರ ಒಬ್ಬರಿಗೆ 370ರ ಮ್ಯಾಲೆ ಕ್ಯಾಲೊರಿ ಬೀಳ್ತೈತಿ, ಇದು 210ರ ಆಸುಪಾಸು ಬರ್ತೈತಿ.

ಜೋಳದ ಹಿಟ್ಟು ಧಾರಾಳ ನಡೀತೈತಿ, ಯಾಕಂದ್ರ ಕ್ರಂಬಲ್‌ಗೆ ಜಿಗಿ ಬ್ಯಾಡ. ಮೈದಾದಾಗ ಜಿಗಿ ಕೊಡೋ ಗ್ಲುಟೆನ್ ಐತಿ, ಜಾಸ್ತಿ ನಾದಿದ್ರ ಗಟ್ಟಿ ಆಕ್ಕೈತಿ, ಜೋಳದಾಗ ಅದು ಇಲ್ಲವೇ ಇಲ್ಲ, ಎಷ್ಟ್ ತಿಕ್ಕಿದ್ರೂ ಅಂಜಿಕಿ ಇಲ್ಲ. ಆದ್ರ ಒಂದ್ ಮಾತು, ಹಿಟ್ಟು ಹೊಸದಾಗಿ ಗಿರಣಿಗೆ ಹಾಕ್ಸಿದ್ದು ಇರ್ಬೇಕು, ಡಬ್ಬ್ಯಾಗ ಹಳೇದಾದ ಜೋಳದ ಹಿಟ್ಟು ಕಹಿ ಬರ್ತೈತಿ, ರೊಟ್ಟಿಯಾಗ ಅಷ್ಟ್ ಗೊತ್ತಾಗಲ್ಲ, ಸಿಹಿಯೊಳಗ ಬಾಳ ಗೊತ್ತಾಕ್ಕೈತಿ. ತವಾದ ಮ್ಯಾಲ ಸಣ್ಣ ಉರಿಯಾಗ ಘಮ ಬರೋತನ ಹುರೀರಿ, ಪೂರ್ತಿ ಆರಿದ ಮ್ಯಾಲ ಬೆಣ್ಣಿ ಹಾಕ್ರಿ. ಬೆಣ್ಣಿ ಕಡಿಮಿ ಇರೋದ್ರಿಂದ ಉದುರುದುರು ಪುಡಿ ಆಗಿ ಕುಂದ್ರತೈತಿ, ಅದ್ಕ ಗಟ್ಟಿ ಮೊಸರು ಒಂದ್ ಚಮಚ ಹಾಕಿ ಬೆರಳ ತುದೀಲೆ ಕೂಡಸ್ರಿ. ನಮ್ಮ ಮಾದಲಿ ಹೆಂಗ ಇರ್ತೈತಿ, ಸ್ವಲ್ಪ ಪುಡಿ, ಸ್ವಲ್ಪ ಸಣ್ಣ ಸಣ್ಣ ಗಂಟು, ಹಂಗ ಬಂದ್ರ ಸಾಕು.

ಸೆಕಿ ಪ್ರಶ್ನಿಗೆ: ಬೆಣ್ಣಿ ಫ್ರೀಜರ್‌ನಾಗ ಕಲ್ಲಾಗೋತನ ಇಟ್ಟು, ಕೊಬ್ರಿ ಹೆರಿಯೋ ಹೆರಮಣಿಯಾಗ ಹಿಟ್ಟಿನ ಮ್ಯಾಲೇ ಹೆರೀರಿ. ಕೈ ಹಚ್ಚೋದು ಎರಡ್ ನಿಮಿಷದ ಕೆಲಸ. ಕೂಡಿಸಿದ್ದನ್ನ ತಾಟಿನ ಸಮೇತ ಮತ್ತ ಫ್ರೀಜರ್‌ಗೆ ಇಟ್ಟು, ಓಟಿಜಿ ಕಾದ ಮ್ಯಾಲ ತಗದು ನೇರ ಹಣ್ಣಿನ ಮ್ಯಾಲ ಉದುರಿಸ್ರಿ. ಮನೀಗೆ ಕಡೆದ ಬೆಣ್ಣಿ ಇದ್ರ ಅದ್ರಾಗ ನೀರು ಮಜ್ಜಿಗಿ ಬಾಳ ಇರ್ತೈತಿ, ಚೆಂದಗ ಹಿಂಡಿ ತಗೀರಿ, ಇಲ್ಲಾಂದ್ರ ಪದರ ಮೆತ್ತಗಾಕ್ಕೈತಿ.

180 ಡಿಗ್ರಿ, ಮ್ಯಾಲ ಕೆಳಗ ಎರಡೂ ರಾಡ್, 30-35 ನಿಮಿಷ. ಬಣ್ಣಕ್ಕಿಂತ ಅಂಚಿನಾಗ ರಸ ಗುಳುಗುಳು ಕುದಿಯೋದು ನೋಡ್ರಿ. ತಗದ ಕೂಡ್ಲೇ ತಿನ್ನಂಗಿಲ್ಲ, ಕಾಲು ತಾಸು ಬಿಟ್ರ ರಸ ಗಟ್ಟಿ ಆಕ್ಕೈತಿ.

ಬಳ್ಳಾರಿ_ಕೋಟೆ_ಕೆಳಗೆ

ಮೇಲಿನ ಅಕ್ಕ ಹೇಳಿದ್ದು ಎಲ್ಲಾ ಸರಿ, ಹಣ್ಣಿನ ವಿಷಯ ನಾನು ಹೇಳ್ತೀನಿ ಯಾಕಂದ್ರೆ ನಮ್ಮ ಕಡೆ ಅಂಜೂರ ಇದ್ದು ಎಲ್ಲಾರು ಸೇಬು ಸೇಬು ಅಂತ ಕಾಶ್ಮೀರದ್ದು ಹಿಮಾಚಲದ್ದು ತರೋದು ನೋಡಿದ್ರೆ ಸಿಟ್ಟು ಬರ್ತೈತೆ. ಬಳ್ಳಾರಿ ಅಂಜೂರ ಅಂತ ತಳೀನೇ ಐತೆ. ಹಸಿ ಅಂಜೂರ ಸಿಕ್ರೆ ಎರಡು ಹೋಳು ಮಾಡಿ, ಕೊಯ್ದ ಭಾಗ ಮೇಲೆ ಬರೋ ಹಂಗೆ ಇಟ್ಟು ನಿಂಬೆಹಣ್ಣು ಹಿಂಡಿ, ಒಂದು ಚಮಚ ಸಕ್ಕರೇನೂ ಬೇಡ. ಅದು ಬಹಳ ಬೇಗ ಮೆತ್ತಗಾಗೋ ಹಣ್ಣು, 15-20 ನಿಮಿಷ ಸಾಕು, ಹಂಗಾಗಿ ಮೇಲಿನ ಪುಡಿ ಮೊದಲೇ ತವಾದಲ್ಲಿ ಅರ್ಧ ಹುರಿದು ಹಾಕ್ಬೇಕು, ಇಲ್ಲಾಂದ್ರೆ ಹಣ್ಣು ಕರಗಿ ಹೋಗಿರ್ತೈತೆ, ಹಿಟ್ಟು ಹಸಿ ಇರ್ತೈತೆ.

ಒಣ ಅಂಜೂರ ಬೇರೆ ಲೆಕ್ಕ. ನೀರು ಹೋಗಿ ಸಕ್ಕರೆ ಎಲ್ಲಾ ಒತ್ತಾಗಿರ್ತೈತೆ, 100 ಗ್ರಾಮಲ್ಲಿ ಹೆಚ್ಚುಕಡಿಮೆ ಅರ್ಧ ಸಕ್ಕರೇನೆ. ಅದನ್ನ ಹಣ್ಣು ಅಂತ ಹಾಕ್ಬೇಡಿ, ಸಕ್ಕರೆ ಅಂತ ಹಾಕಿ. ಮೂರು ನಾಕು ನೆನೆಸಿ ಸಣ್ಣಗೆ ಹೆಚ್ಚಿ ಪೇರಲದ ಜೊತೆ ಸೇರಿಸಿದ್ರೆ ಬೇರೆ ಸಿಹಿ ಬೇಕಾಗಲ್ಲ, ನಾರಿನಂಶನೂ ಸಿಗ್ತೈತೆ.

ಪೇರಲ ನಂಗೆ ಸೇಬಿಗಿಂತ ಮೇಲು. ನಡುವಿನ ಬೀಜದ ತಿರುಳು ಚಮಚೆಯಿಂದ ಕೆರೆದು ಸ್ವಲ್ಪ ನೀರು ಹಾಕಿ ಕುದಿಸಿ ಜರಡಿ ಹಿಡೀರಿ, ಬೀಜ ಮೇಲೆ ಉಳೀತಾವೆ, ಕೆಳಗೆ ಬರೋ ರಸ ತಾನೇ ಗಟ್ಟಿ ಆಗ್ತೈತೆ, ಪೇರಲದಲ್ಲಿ ಪೆಕ್ಟಿನ್ ಜಾಸ್ತಿ, ಜಾಮ್ ಗಟ್ಟಿ ಆಗೋದು ಅದರಿಂದಾನೇ. ಕಾರ್ನ್‌ಫ್ಲೋರ್ ಬೇಕಿಲ್ಲ. ಹೊರಗಿನ ಭಾಗ ಹೋಳು ಮಾಡಿ ಆ ರಸದಲ್ಲೇ ಮುಚ್ಚಿ ಐದಾರು ನಿಮಿಷ ಬೇಯಿಸ್ಕೊಳ್ಳಿ, ಆಮೇಲೆ ಬೇಕಿಂಗ್ ಡಿಶ್‌ಗೆ. ದಾಲ್ಚಿನ್ನಿಗಿಂತ ಇದಕ್ಕೆ ಒಣಶುಂಠಿ, ಚೂರು ಕಾಳುಮೆಣಸು ಹೊಂದ್ತೈತೆ, ನನ್ನ ಅಭಿಪ್ರಾಯ ಅಷ್ಟೇ.

ಪಪ್ಪಾಯ ಬೇಯಿಸಿದ್ರೆ ಚಪ್ಪೆ, ಹುಳಿ ಇಲ್ಲ. ಚಿಕ್ಕು ಬೇಡವೇ ಬೇಡ. ದಾಳಿಂಬೆ ಓವನ್‌ಗೆ ಹಾಕ್ಬೇಡಿ, ಬೀಜ ಗಟ್ಟಿ ಆಗಿ ಹಲ್ಲಿಗೆ ಸಿಗ್ತಾವೆ, ಬೇಕಾದ್ರೆ ತಿನ್ನೋವಾಗ ಮೇಲೆ ಉದುರಿಸಿ.

ಕೊಪ್ಪಳ_ಅಡಗಿಮನಿ

ಮಾವಿನ ಹಣ್ಣು ಮರ್ತ್ರಲ್ಲ ಅಣ್ಣಾ! ನಮ್ಮ ಕೊಪ್ಪಳದ ಕೇಸರ್ ಇರ್ಲಿಕ್ಕ. ತೋಟಗಾರಿಕಿ ಇಲಾಖಿಯೋರು ಮಾವಿನ ಮೇಳ ಮಾಡ್ತಾರಲ್ಲ, ಆಗ ಮನಿ ತುಂಬ ಅದ. ಆದ್ರ ಬರೀ ಕೇಸರ್ ಬೇಕ್ ಮಾಡಿದ್ರ ವಾಸನಿ ಅರ್ಧ ಹೋಗಿ ಬರೀ ಸಿಹಿ ಉಳೀತೈತಿ. ಅರ್ಧ ಕೇಸರ್, ಅರ್ಧ ದೋರಗಾಯಿ ಗಿಣಿಮೂತಿ ಹಾಕ್ರಿ, ಹುಳಿ ಸಿಹಿ ಎರಡೂ ಬರ್ತಾವು, ಸಕ್ಕರಿ ಕೇಳಂಗಿಲ್ಲ.

ಗಂಗಾವತಿ_ಭತ್ತ

ಎಣ್ಣಿ ಹಾಕಿದ್ರ ಹಗುರ ಅನ್ನೋದಕ್ಕ ಯಾರೂ ಉತ್ರ ಕೊಡ್ಲಿಲ್ಲ? ನಾನು ತುಪ್ಪ ಹಾಕ್ತೀನಿ, ಬೆಣ್ಣಿಗಿಂತ ಅದು ಛಲೋ ಅಲ್ಲೇನು?

ಡಯಟ್_ಟಿಪ್ಪಣಿ

ಇಲ್ಲಾ ರೀ. ಬೆಣ್ಣೆಯಲ್ಲಿ ಕೊಬ್ಬು 80-82 ಪರ್ಸೆಂಟ್, ಉಳಿದದ್ದು ಬಹುತೇಕ ನೀರು. ಎಣ್ಣೆ ಪೂರ್ತಿ ಕೊಬ್ಬು, ತುಪ್ಪನೂ ಹೆಚ್ಚುಕಡಿಮೆ ಅಷ್ಟೇ. ಅಂದ್ರೆ 40 ಗ್ರಾಂ ಬೆಣ್ಣೆ ಜಾಗದಲ್ಲಿ 40 ಗ್ರಾಂ ತುಪ್ಪ ಹಾಕಿದ್ರೆ ಕ್ಯಾಲೊರಿ ಕಡಿಮೆ ಆಗಲ್ಲ, ಜಾಸ್ತಿ ಆಗ್ತೈತೆ. ಹಾಕೋದಾದ್ರೆ 32 ಗ್ರಾಂ ಸಾಕು. ಕೊಲೆಸ್ಟ್ರಾಲ್ ಇರೋ ಅತ್ತೆಯವರ ದೃಷ್ಟಿಯಿಂದ ಎಣ್ಣೆ ಒಳ್ಳೇದು, ಯಾಕಂದ್ರೆ ಶೇಂಗಾ, ಸೂರ್ಯಕಾಂತಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಏರಿಸೋ ಸ್ಯಾಚುರೇಟೆಡ್ ಕೊಬ್ಬು ಬೆಣ್ಣೆ-ತುಪ್ಪಕ್ಕಿಂತ ಬಹಳ ಕಡಿಮೆ. ಅದು ಬೇರೆ ಲಾಭ, ಹಗುರ ಆಗೋದು ಬೇರೆ, ಎರಡನ್ನ ಕಲಸಬೇಡಿ. ಎಣ್ಣೆ ಹಾಕಿದ್ರೆ ಗಂಟು ಕಟ್ಟಲ್ಲ, ರವೆ ಥರ ಉದುರಾಗಿ ಬರ್ತೈತೆ, ಅರ್ಧ ಬೆಣ್ಣೆ ಅರ್ಧ ಎಣ್ಣೆ ಮಾಡಿ ನೋಡಿ.

ಬೆಲ್ಲದ್ದೂ ಇದೇ ಕಥೆ. ಸಕ್ಕರೆ 100 ಗ್ರಾಮಿಗೆ 400 ಕ್ಯಾಲೊರಿ ಅಂದ್ರೆ ಬೆಲ್ಲ 380ರ ಹತ್ರ. ಸ್ವಲ್ಪ ಕಬ್ಬಿಣ, ಖನಿಜ ಇರ್ಬಹುದು, ಆದ್ರೆ ಅದರಲ್ಲಿ ಇರೋದು ಮುಖ್ಯವಾಗಿ ಸುಕ್ರೋಸೇ, ಅಂದ್ರೆ ಸಕ್ಕರೇಲಿ ಇರೋದೇ. ಮಾವನೋರ ಶುಗರ್‌ಗೆ ಬೆಲ್ಲ ಅಂತ ಧೈರ್ಯವಾಗಿ ಎರಡು ಬಟ್ಟಲು ತಿನ್ನೋದು, ಇದನ್ನ ನಾನು ದಿನಾ ನೋಡ್ತೀನಿ. ರುಚಿಗೆ ಬೆಲ್ಲ ಹಾಕಿ, ಚೆನ್ನಾಗಿರ್ತೈತೆ, ಔಷಧಿ ಅಂತ ಹಾಕ್ಬೇಡಿ. ಈ ಸಿಹಿ ಶುಗರ್ ಫ್ರೀ ಅಲ್ಲ, ಹಣ್ಣಲ್ಲೂ ಸಕ್ಕರೆ ಐತೆ, ಜೋಳ ಓಟ್ಸಲ್ಲೂ ಕಾರ್ಬೋಹೈಡ್ರೇಟ್ ಐತೆ. ಊಟ ಆದ್ಮೇಲೆ ಹೆಚ್ಚಿಗೆ ಅಂತ ತಿನ್ನೋ ಬದಲು ಆ ಹೊತ್ತಿನ ಒಂದು ರೊಟ್ಟಿ ಬಿಟ್ಟು ತಿಂದ್ರೆ ಲೆಕ್ಕ ಸರಿಹೋಗ್ತೈತೆ, ಇನ್ಸುಲಿನ್ ತಗೊಳ್ತಿದ್ರೆ ಮಾತ್ರ ಅವರ ಡಾಕ್ಟ್ರನ್ನ ಕೇಳಿ. ಹಣ್ಣಿನ ಸಿಪ್ಪೆ ತೆಗೀಬೇಡಿ, ಪೂರ್ತಿ ಮುದ್ದೆ ಆಗೋವರೆಗೆ ಬೇಯಿಸಬೇಡಿ, ಹೋಳು ಹೋಳಾಗಿರ್ಲಿ.

ಹಾಂ, ಮೇಲೆ ಐಸ್‌ಕ್ರೀಮ್ ಹಾಕಿದ್ರೆ ನೀವು ಉಳಿಸಿದ್ದೆಲ್ಲಾ ಒಂದೇ ಸ್ಕೂಪಲ್ಲಿ ವಾಪಸ್ ಬರ್ತೈತೆ. ಮೊಸರು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಏಲಕ್ಕಿ ಹಾಕಿ ಒಂದು ಚಮಚ ಇಡಿ.

ಗಂಗಾವತಿ_ಭತ್ತ

ತಿಳೀತ್ರಿ. ಹಂಗಂದ್ರ ತುಪ್ಪದ ಡಬ್ಬಿ ದೂರ ಇಡ್ತೀನಿ 😅 ನಮ್ಮನ್ಯಾಗ ಓವನ್ ಇಲ್ಲ, ಕುಕ್ಕರಿನಾಗ ಉಪ್ಪು ಹಾಕಿ ಕೇಕ್ ಮಾಡ್ತಾರಲ್ಲ, ಗ್ಯಾಸ್ಕೆಟ್ ಸೀಟಿ ತಗದು, ಅದ್ರಾಗ ಇದು ಆಕ್ಕೈತೇನು?

ಕೊಪ್ಪಳ_ಅಡಗಿಮನಿ

ಕೇಕ್ ಆಕ್ಕೈತಿ, ಇದು ಛಂದ ಆಗಂಗಿಲ್ಲ. ಹಣ್ಣಿನ ಉಗಿ ಮುಚ್ಚಳಕ್ಕ ಬಡದು ವಾಪಸ್ ಬೀಳ್ತೈತಿ, ಮ್ಯಾಲಿನ ಪುಡಿ ತೊಯ್ದು ಹಿಟ್ಟಿನ ಮುದ್ದಿ ಆಕ್ಕೈತಿ, ಮ್ಯಾಲಿಂದ ಉರಿನೂ ಇಲ್ಲ. ಅದ್ಕ ಬ್ಯಾರೆ ಬ್ಯಾರೆ ಮಾಡ್ರಿ. ಹಣ್ಣು ಪಾತ್ರೆಯಾಗ ಬೇಯಿಸಿ ಗಟ್ಟಿ ಮಾಡ್ಕೊಳ್ರಿ, ಪುಡಿ ದಪ್ಪ ತಳದ ಬಾಣಲಿಯಾಗ ಸಣ್ಣ ಉರಿ ಮ್ಯಾಲ ಕೈಯಾಡಸ್ಕೋಂತ ಕೆಂಪಗ ಹುರೀರಿ, ಆರಿದ ಮ್ಯಾಲ ಗರಿಗರಿ ಆಕ್ಕೈತಿ, ತಿನ್ನೋ ಹೊತ್ತಿಗೆ ಕೂಡಸ್ರಿ. ಖರೆ ಹೇಳ್ಬೇಕಂದ್ರ ಕರೆಂಟ್ ಹೋದ ದಿನ ಆರ್ಡರ್‌ಗೂ ನಾ ಹಿಂಗ ಮಾಡಿದ್ದೈತಿ, ಗಿರಾಕಿಗೆ ಗೊತ್ತಾಗಿಲ್ಲ. ಪುಡಿ ಡಬ್ಬ್ಯಾಗ ನಾಕ್ ದಿನ ಇರ್ತೈತಿ ಬ್ಯಾರೆ.

ರಾಯಚೂರ್_ಬಿಸಿಲು

ಅಬ್ಬಾ, ಎಷ್ಟ್ ಛಂದ ಹೇಳಿದ್ರಿ ಎಲ್ಲಾರೂ. ಹಂಗಾದ್ರ ಪ್ಯಾರಲ, ಒಣ ಅಂಜೂರ, ಮ್ಯಾಲ ಜ್ವಾಳ-ಓಟ್ಸ್-ಶೇಂಗಾ, 40 ಗ್ರಾಂನಾಗ ಅರ್ಧ ಎಣ್ಣಿ ಮಾಡಿ ನೋಡ್ತೀನಿ, ಐತವಾರ. ಅರ್ಧ ಎಣ್ಣಿ ಅಂದ್ರ 20 ಬೆಣ್ಣಿ, 16 ಎಣ್ಣಿ ಅಲ್ಲಾ? ಕಡೀ ಪ್ರಶ್ನಿ, ಬೇಕಿಂಗ್ ಡಿಶ್ ಇಲ್ಲ, ಸ್ಟೀಲ್ ಬಟ್ಟಲದಾಗ ಇಟ್ರ ನಡೀತದೇನು?

ಡಯಟ್_ಟಿಪ್ಪಣಿ

ಹೌದು, 20 ಮತ್ತು 16, ಸರಿಯಾಗಿ ಹಿಡಿದ್ರಿ.

ಬಳ್ಳಾರಿ_ಕೋಟೆ_ಕೆಳಗೆ

ಓಟಿಜಿ ಅಂದ್ರೆ ಸ್ಟೀಲ್ ನಡೀತೈತೆ, ಪ್ಲಾಸ್ಟಿಕ್ ಹಿಡಿ ಇರಬಾರ್ದು ಅಷ್ಟೇ. ಮೈಕ್ರೋವೇವ್ ಆಗಿದ್ರೆ ಬೇಡ ಅಂತಿದ್ದೆ. ಸಾದಾ ಗಾಜಿನ ಬಟ್ಟಲು ಇಡಬೇಡಿ, ಒಡೀತೈತೆ. ಒಂದು ದೊಡ್ಡ ಡಿಶ್ ಬದಲು ಆರು ಸಣ್ಣ ಬಟ್ಟಲಲ್ಲಿ ಹಾಕಿ, ಯಾರಿಗೆ ಎಷ್ಟು ಅಂತ ಮೊದಲೇ ನಿಕ್ಕಿ ಆಗಿರ್ತೈತೆ, ಮಾವನೋರ ಬಟ್ಟಲಿಗೆ ಅಂಜೂರ ಕಡಿಮೆ ಹಾಕಬಹುದು. ಬಟ್ಟಲು ಸಣ್ಣದಾದ್ರೆ 20-25 ನಿಮಿಷಕ್ಕೇ ಆಗ್ತೈತೆ, ಎಲ್ಲಾ ಒಂದೇ ತಟ್ಟೆ ಮೇಲೆ ಇಟ್ಟು ಒಳಗೆ ತಳ್ಳಿ, ರಸ ಉಕ್ಕಿ ಕೆಳಗಿನ ರಾಡ್ ಮೇಲೆ ಬಿದ್ರೆ ಸುಟ್ಟ ಹೊಗೆ ಬರ್ತೈತೆ, ಹೊಸಾ ಓಟಿಜಿ ಅಂತೀರಿ.